ಹಳೇ ಫಿಯಟ್‌ಗೆ ತಂದ ಕಾರ್ಬೊರೇಟರ್ ಕಿಟ್: ದುಡ್ಡಿಗೆ ಮೋಸ ಇಲ್ಲ, ಆದರೆ ಪೊಟ್ಟಣದಲ್ಲಿ ಇರೋದೆಲ್ಲ ಹಾಕಬೇಡಿ

ಎಲ್ಲರೂ ಫಿಯಟ್ ಅಂತಲೇ ಕರೆಯುವ ಪ್ರೀಮಿಯರ್ ಪದ್ಮಿನಿ ಕಾರಿನ ಸೋಲೆಕ್ಸ್ ಕಂಪನಿಯ ಕಾರ್ಬೊರೇಟರ್‌ಗೆ (ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ರಿಪೇರಿ ಕಿಟ್ ಇನ್ನೂ ಸಿಗುತ್ತದಾ ಅಂತ ಕೇಳುವವರಿಗೆ ಉತ್ತರ: ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಗಾಡಿ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿದರೆ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಕೌಂಟರ್ ಮೇಲೆ ಹಾಕುತ್ತಾರೆ. ಮೇಲೆ ಕಂಪನಿ ಹೆಸರು ಇರುವುದಿಲ್ಲ, ಒಂದು ಚೀಟಿ ಮಾತ್ರ ಇರುತ್ತದೆ. ನಾನು ತಂದಿದ್ದು ಅಂಥದ್ದೇ ಕಿಟ್. ಹಾಕಿ ಕಳೆದ ಬೇಸಿಗೆ ಪೂರ್ತಿ, ಮಳೆಗಾಲ ಪೂರ್ತಿ ಓಡಿಸಿದ್ದೇನೆ. ಕಿಟ್ ಚೆನ್ನಾಗಿದೆ. ಆದರೆ ಅದರಲ್ಲಿ ನಿಜಕ್ಕೂ ದುಡ್ಡು ಕೊಡಬೇಕಾದ್ದು ಒಂದು ರಬ್ಬರ್ ಚೂರಿಗೆ. ಜೊತೆಗೆ ಬರುವ ಹಿತ್ತಾಳೆ ಜೆಟ್‌ಗಳನ್ನು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಚೂರುಗಳು) ಮುಟ್ಟದೇ ಇದ್ದರೆ ನಿಮಗೂ ಒಳ್ಳೆಯದು, ಗಾಡಿಗೂ ಒಳ್ಳೆಯದು.

ನಮ್ಮ ಗಾಡಿಯ ತೊಂದರೆ ಏನಿತ್ತು ಅಂತ ಮೊದಲು ಹೇಳಬೇಕು, ಯಾಕೆಂದರೆ ನಿಮ್ಮದೂ ಅದೇನಾ ಅಂತ ನೋಡಿಕೊಳ್ಳದೆ ಕಿಟ್ ತಂದು ಉಪಯೋಗವಿಲ್ಲ. ಐಡಲ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ಗಾಡಿ ನಿಂತಿರುವಾಗ, ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಓಡುವಾಗ ಒಂದೇ ಸ್ಪೀಡಿನಲ್ಲಿ ಹೋದರೂ ತಕರಾರು ಇರಲಿಲ್ಲ. ಆದರೆ ಮಾಗಡಿ ರೋಡ್ ಟೋಲ್‌ಗೇಟ್ ಸಿಗ್ನಲ್‌ನಲ್ಲಿ ಹಸಿರು ಬಿದ್ದಾಗ ಎಕ್ಸಲರೇಟರ್ ಒತ್ತಿದರೆ ಎಂಜಿನ್ ಒಂದು ಕ್ಷಣ ಸತ್ತ ಹಾಗೆ ಆಗಿ, ಕಾರ್ಬೊರೇಟರ್ ಬಾಯಿಂದ ‘ಭುಸ್’ ಅಂತ ಒಂದು ಸದ್ದು ಬಂದು, ಆಮೇಲೆ ಏನೂ ಆಗಿಲ್ಲ ಎನ್ನುವ ಹಾಗೆ ಎಳೆದುಕೊಂಡು ಹೋಗುತ್ತಿತ್ತು. ಹಿಂದಿನ ಆಟೋದವರು ಸುಮ್ಮನೆ ಇರುತ್ತಾರಾ, ಹಾರ್ನ್ ಹೊಡೆದು ಹೊಡೆದು ಇಡುತ್ತಾರೆ. ಮೆಲ್ಲಗೆ ಒತ್ತಿದರೆ ತೊಂದರೆ ಕಡಿಮೆ. ಜೋರಾಗಿ ಒತ್ತಿದರೆ ಜಾಸ್ತಿ. ಇದೊಂದು ಗುರುತು ನೆನಪಿಟ್ಟುಕೊಳ್ಳಿ.

ಒಬ್ಬ ಗ್ಯಾರೇಜಿನವರು ಪ್ಲಗ್ ಬದಲಿಸಿದರು, ಪ್ಲಗ್ ವೈರ್ ಬದಲಿಸಿದರು, ಆಮೇಲೆ ‘ಎಂಜಿನ್ ಇಳಿಸಬೇಕು ಸಾರ್, ಕಂಪ್ರೆಶನ್ ಹೋಗಿದೆ’ ಅಂದರು. ಹೆಸರು ಬೇಡ. ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಒತ್ತಡ ಹಿಡಿಯುವ ಶಕ್ತಿ, ಹೋದ ಎಂಜಿನ್ ಎಕ್ಸಲರೇಟರ್ ಒತ್ತಿದ ಆ ಒಂದು ಕ್ಷಣಕ್ಕೆ ಮಾತ್ರ ಹಟ ಹಿಡಿಯುವುದಿಲ್ಲ ಅಲ್ವಾ? ಹೊತ್ತೊತ್ತಿಗೂ ಹಿಡಿಯುತ್ತದೆ.

ಆ ಒಂದು ಕ್ಷಣದಲ್ಲಿ ಒಳಗೆ ಆಗುವುದು ಇಷ್ಟು. ಪೆಡಲ್ ಒತ್ತಿದ ತಕ್ಷಣ ಗಾಳಿ ದಾರಿಯ ಬಾಗಿಲಿನಂತಿರುವ ಥ್ರಾಟಲ್ ತಟ್ಟೆ ತೆರೆದುಕೊಳ್ಳುತ್ತದೆ. ಗಾಳಿ ಹಗುರ, ನುಗ್ಗಿಬಿಡುತ್ತದೆ. ಪೆಟ್ರೋಲ್ ಭಾರ, ಜೆಟ್ ದಾಟಿ ಮೇಲೆದ್ದು ಬರಲು ಅದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಎಂಜಿನ್‌ಗೆ ಬರೀ ಗಾಳಿ ಸಿಕ್ಕಿ ಮಿಕ್ಸ್ಚರ್ ತೆಳ್ಳಗಾಗಿ ಮುಗ್ಗರಿಸುತ್ತದೆ. ಇದನ್ನು ತುಂಬಲು ಕಾರ್ಬೊರೇಟರ್ ಪಕ್ಕದಲ್ಲಿ ಒಂದು ಪುಟ್ಟ ಪಂಪ್ ಇಟ್ಟಿರುತ್ತಾರೆ, ಎಕ್ಸಲರೇಟರ್ ಪಂಪ್ ಅಂತ. ಥ್ರಾಟಲ್ ಕಡ್ಡಿ ತಿರುಗಿದಾಗ ಅದರ ಲಿವರ್ ಒಂದು ರಬ್ಬರ್ ಡಯಾಫ್ರಮ್ ಅನ್ನು (ತೆಳು ಪೊರೆ; ಮೊದಲು ಹೇಳಿದ ರಬ್ಬರ್ ಚೂರು ಇದೇ) ಒತ್ತುತ್ತದೆ, ಒಳಗಿನ ಪೆಟ್ರೋಲ್ ಒಂದು ಸಣ್ಣ ಕೊಳವೆಯಿಂದ ನೇರ ಗಂಟಲಿಗೆ, ಅಂದರೆ ಕಾರ್ಬೊರೇಟರ್‌ನ ಗಾಳಿ ದಾರಿಗೆ, ಚಿಮ್ಮುತ್ತದೆ. ಡಯಾಫ್ರಮ್ ಗಟ್ಟಿಯಾದರೆ ಅಥವಾ ಸೀಳಿದರೆ ಚಿಮ್ಮುವುದಿಲ್ಲ. ಗಾಡಿ ಸಿಗ್ನಲ್‌ನಲ್ಲಿ ಭುಸ್ ಅನ್ನುತ್ತದೆ.

ಹಾಗಾಗಿ ಕಿಟ್‌ಗೆ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಎಂಜಿನ್ ಆಫ್ ಮಾಡಿ ಆರಲು ಬಿಡಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಪಕ್ಕಕ್ಕಿಡಿ. ಟಾರ್ಚ್ ಹಾಕಿ ಕಾರ್ಬೊರೇಟರ್ ಗಂಟಲು ನೋಡುತ್ತಾ ಕೈಯಲ್ಲೇ ಥ್ರಾಟಲ್ ಲಿವರ್ ಒಮ್ಮೆ ಪೂರ್ತಿ ಎಳೆಯಿರಿ. ಲಿವರ್ ಅಲುಗಿದ ಕ್ಷಣದಿಂದಲೇ ಒಂದು ತೆಳುವಾದ, ನೇರವಾದ, ಗಟ್ಟಿ ಪೆಟ್ರೋಲ್ ಧಾರೆ ಬೀಳಬೇಕು. ನಮ್ಮದರಲ್ಲಿ ಲಿವರ್ ಅರ್ಧ ದಾರಿ ಹೋದ ಮೇಲೆ ಕೊಳವೆ ತುದಿಯಲ್ಲಿ ಒಂದು ಹನಿ ಕಟ್ಟಿ, ಗೋಡೆಗೆ ಅಂಟಿಕೊಂಡು ಜಾರಿತು, ಅಷ್ಟೇ. ಕಾಯಿಲೆ ಅಲ್ಲೇ ಗೊತ್ತಾಯಿತು. ಇದನ್ನು ಮಾಡುವಾಗ ಪಕ್ಕದಲ್ಲಿ ಯಾರೂ ಬೀಡಿ ಹಚ್ಚಬಾರದು, ಸೆಲ್ಫ್ ಹೊಡೆಯುವಾಗ ಮುಖ ಗಂಟಲ ಮೇಲೆ ಇಡಬಾರದು. ಬ್ಯಾಕ್‌ಫೈರ್ ಆದರೆ ಹುಬ್ಬು ಉಳಿಯುವುದಿಲ್ಲ.

ಧಾರೆ ಚೆನ್ನಾಗಿಯೇ ಬೀಳುತ್ತಿದ್ದರೆ ಕಿಟ್ ತರುವ ಕೆಲಸ ಅಲ್ಲಿಗೇ ನಿಲ್ಲಿಸಿ, ಬೇರೆ ಕಡೆ ನೋಡಿ. ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಹಿಡಿ) ಅರ್ಧ ಎಳೆದು ಓಡಿಸಿದಾಗ ತೊಂದರೆ ಕಡಿಮೆಯಾದರೆ ಪೆಟ್ರೋಲ್ ಸಾಲದು ಅಥವಾ ಎಲ್ಲಿಂದಲೋ ಗಾಳಿ ಕಳ್ಳದಾರಿಯಲ್ಲಿ ಬರುತ್ತಿದೆ ಅಂತ ಅರ್ಥ. ಚೋಕ್ ಎಳೆದಾಗ ಇನ್ನೂ ಹದಗೆಟ್ಟು ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿಯಾಗುತ್ತಿದೆ. ಏನೂ ವ್ಯತ್ಯಾಸವಾಗದಿದ್ದರೆ ಕಾರ್ಬೊರೇಟರ್ ಬಿಟ್ಟು ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕಡೆ ಹೋಗಿ. ಸಿಗ್ನಲ್‌ನಲ್ಲಿ ಅಲ್ಲ, ನಂದಿ ಬೆಟ್ಟದ ಏರಿನಲ್ಲಿ, ಪೆಡಲ್ ಒತ್ತಿ ಹಿಡಿದು ಸ್ವಲ್ಪ ದೂರ ಹೋದ ಮೇಲೆ ಎಂಜಿನ್ ಸೊರಗಿದರೆ ಅದು ಎಕ್ಸಲರೇಟರ್ ಪಂಪಿನ ವಿಷಯವೇ ಅಲ್ಲ. ಟ್ಯಾಂಕಿನ ತುಕ್ಕು, ಕಟ್ಟಿಕೊಂಡ ಫಿಲ್ಟರ್, ಸುಸ್ತಾದ ಎ.ಸಿ. ಪಂಪ್ ಅಥವಾ ಮೇನ್ ಜೆಟ್‌ನಲ್ಲಿ ಕಸ, ಇವುಗಳಲ್ಲಿ ಯಾವುದೋ ಒಂದು. ಎ.ಸಿ. ಪಂಪ್ ಅಂದರೆ ಏರ್ ಕಂಡೀಶನರ್ ಅಲ್ಲ, ಪೆಟ್ರೋಲ್ ಪಂಪ್; ಹಳೇ ಮೆಕ್ಯಾನಿಕ್‌ಗಳೆಲ್ಲ ಹಾಗೇ ಕರೆಯುವುದು, ಹೊಸ ಹುಡುಗರು ಗಾಬರಿಯಾಗುತ್ತಾರೆ.

ಕರೆಂಟ್ ಕಡೆಯನ್ನು ಬಿಟ್ಟುಬಿಡಬೇಡಿ. ಕಾರ್ಬೊರೇಟರ್ ಕಾಯಿಲೆ ಅಂದುಕೊಂಡಿದ್ದರಲ್ಲಿ ಎಷ್ಟೋ ಸಲ ತಪ್ಪು ಡಿಸ್ಟ್ರಿಬ್ಯೂಟರ್‌ನಲ್ಲಿ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್‌ನದ್ದು ಅಥವಾ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್‌ನದ್ದು ಆಗಿರುತ್ತದೆ. ಕಂಡೆನ್ಸರ್ ತಣ್ಣಗಿದ್ದಾಗ ಸಾಧು, ಬಿಸಿಯಾದ ಮೇಲೆ ಕೈಕೊಡುತ್ತದೆ. ಪಾಯಿಂಟ್ ಮುಖ ಸುಟ್ಟು ಒಂದು ಕಡೆ ಗುಂಡಿ, ಇನ್ನೊಂದು ಕಡೆ ಗುಬ್ಬಿ ಎದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಇರುತ್ತದೆ, ಕೈಪಿಡಿಯಲ್ಲಿ ಹೇಳಿದ ಅಳತೆಗೆ ಫೀಲರ್ ಗೇಜ್ (ಅಳತೆಯ ತೆಳು ತಗಡು) ಹಾಕಿ ಇಡಿ. ಬ್ಲೇಡ್ ತೂರಿಸಿ ‘ಸರಿಯಾಗಿದೆ’ ಅನ್ನುವವರನ್ನು ನಂಬಬೇಡಿ. ಕಿಡಿ ಹಾರುವ ಟೈಮಿಂಗ್ ಹಿಂದೆ ಬಿದ್ದಿದ್ದರೂ ಒತ್ತಿದಾಗ ಇದೇ ರೀತಿ ಮಂಕಾಗುತ್ತದೆ.

ಇನ್ನು ಅಂಗಡಿ ವಿಷಯ. ಜೆ.ಸಿ. ರಸ್ತೆಯಲ್ಲಿ ಪಾರ್ಕಿಂಗ್ ಸಿಗುವುದು ಕನಸು, ಮೆಟ್ರೋದಲ್ಲಿ ಹೋಗಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು ನಡೆಯುವುದೇ ವಾಸಿ. ಪದ್ಮಿನಿ ಅಂದರೆ ಹುಡುಗರಿಗೆ ಗೊತ್ತಾಗಲಿಲ್ಲ, ‘ಫಿಯಟ್’ ಅಂದ ತಕ್ಷಣ ಒಳಗಿದ್ದ ಹಿರಿಯರು ತಲೆ ಎತ್ತಿದರು. ಅವರು ಕೇಳಿದ ಮೊದಲ ಮಾತು ‘ಹಳೇ ಪೀಸ್ ತಂದಿದ್ದೀರಾ?’ ತಂದಿದ್ದೆ. ಅವರು ಹಳೇ ಡಯಾಫ್ರಮ್ ಅನ್ನು ಹೊಸದರ ಮೇಲೆ ಇಟ್ಟು ಸ್ಕ್ರೂ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದರು, ಒಂದು ಪೊಟ್ಟಣ ವಾಪಸ್ ಇಟ್ಟರು, ಇನ್ನೊಂದು ತೆಗೆದರು. ಬಿಲ್ ಕೇಳಿದರೆ ಸ್ವಲ್ಪ ಮುಖ ಸಿಂಡರಿಸಿದರು, ಆದರೆ ಕೊಟ್ಟರು. ಚೌಕಾಸಿ ಹೆಚ್ಚು ನಡೆಯುವುದಿಲ್ಲ. ಐನೂರರ ಒಳಗೆ ಮುಗಿಯಿತು. ಸರಿಯಾದ ಸಾಮಾನು ಕೊಡಲು ಇಷ್ಟು ಹೊತ್ತು ತೆಗೆದುಕೊಳ್ಳುವ ಅಂಗಡಿ ಈಗ ಅಪರೂಪ, ಅದಕ್ಕೇ ಪೂರ್ತಿ ಅಂಕ ಕೊಡುತ್ತೇನೆ. ಆನ್‌ಲೈನ್‌ನಲ್ಲೂ ಇದೇ ಹೆಸರಿನ ಕಿಟ್‌ಗಳಿವೆ. ಎಷ್ಟೋ ಕಡೆ ಫೋಟೋ ಒಂದು ಗಾಡಿಯದ್ದು, ವಿವರ ಇನ್ನೊಂದು ಗಾಡಿಯದ್ದು. ಹಳೇ ಪೀಸ್ ಪಕ್ಕದಲ್ಲಿ ಇಟ್ಟು ನೋಡುವ ಅನುಕೂಲ ಅಲ್ಲಿಲ್ಲ.

ಪೊಟ್ಟಣದಲ್ಲಿ ಏನೇನಿತ್ತು: ಪಂಪ್ ಡಯಾಫ್ರಮ್, ನೀಡಲ್ ವಾಲ್ವ್, ಮೇಲ್ಭಾಗದ ಗ್ಯಾಸ್ಕೆಟ್, ಬುಡದ ಗ್ಯಾಸ್ಕೆಟ್, ಒಂದಷ್ಟು ಫೈಬರ್ ಮತ್ತು ತಾಮ್ರದ ವಾಷರ್, ಸ್ಪ್ರಿಂಗ್, ಜೊತೆಗೆ ಜೆಟ್‌ಗಳು.

ಡಯಾಫ್ರಮ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹಳೆಯದನ್ನು ತೆಗೆದು ಬೆರಳಲ್ಲಿ ಬಗ್ಗಿಸಿದಾಗ ಅದು ರಟ್ಟಿನ ಹಾಗೆ ಚಟ್ ಅಂತು. ಮಧ್ಯದ ರಿವೆಟ್ ಸುತ್ತ ಕೂದಲೆಳೆಯಷ್ಟು ಬಿರುಕು. ಕಣ್ಣಿಗೆ ಕಾಣಲ್ಲ, ಕಿಟಕಿ ಬೆಳಕಿಗೆ ಹಿಡಿದು ಎಳೆದರೆ ಕಾಣುತ್ತದೆ. ಹೊಸದು ಬಟ್ಟೆ ಎಳೆ ಒಳಗಿರುವ ರಬ್ಬರ್. ಮೆತ್ತಗಿದೆ, ಅಂಚು ಒಪ್ಪವಾಗಿ ಕತ್ತರಿಸಿದ್ದಾರೆ, ರಿವೆಟ್ ಅಲುಗಾಡಲ್ಲ. ನಾಲ್ಕು ತೂತಿನಲ್ಲಿ ಒಂದು ಸ್ವಲ್ಪ ಪಕ್ಕಕ್ಕೆ ಬಿದ್ದಿತ್ತು, ಸ್ಕ್ರೂ ಬಿಗಿಸಿದಾಗ ಆ ಮೂಲೆಯಲ್ಲಿ ಸುಕ್ಕು ಬರುತ್ತಿತ್ತು. ಪಂಚ್‌ನಲ್ಲಿ ತೂತು ಅಷ್ಟೇ ಅಷ್ಟು ದೊಡ್ಡದು ಮಾಡಿದ ಮೇಲೆ ಸಪಾಟಾಗಿ ಕೂತಿತು. ಇಂಥ ಸಣ್ಣ ತಿದ್ದುಪಡಿಗೆ ತಯಾರಿರಿ. ಇದು ಕಂಪನಿ ಮಾಲು ಅಲ್ಲ.

ಕೂರಿಸುವಾಗ ಒಂದು ಕ್ರಮ ಇದೆ, ಅದನ್ನು ಬಿಟ್ಟರೆ ಹೊಸ ಡಯಾಫ್ರಮ್ ಬೇಗ ಹರಿಯುತ್ತದೆ. ನಾಲ್ಕು ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ. ಪಂಪ್ ಲಿವರ್ ಅನ್ನು ಪೂರ್ತಿ ಒತ್ತಿ ಹಿಡಿದುಕೊಂಡು, ಅದೇ ಸ್ಥಿತಿಯಲ್ಲಿ ಎದುರು ಬದುರು ಮೂಲೆಯಂತೆ ಬಿಗಿಸಿ. ಆಗ ರಬ್ಬರ್‌ಗೆ ಬೇಕಾದಷ್ಟು ಸಡಿಲ ಉಳಿಯುತ್ತದೆ. ಒತ್ತದೇ ಬಿಗಿಸಿದರೆ ಪ್ರತಿ ಸಲ ಪೆಡಲ್ ಒತ್ತಿದಾಗಲೂ ಅದು ಬಿರ್ರನೆ ಎಳೆದುಕೊಳ್ಳುತ್ತದೆ.

ನೀಡಲ್ ವಾಲ್ವ್ ಕೂಡ ಚೆನ್ನಾಗಿದೆ. ಕಾರ್ಬೊರೇಟರ್‌ನ ಪೆಟ್ರೋಲ್ ತೊಟ್ಟಿಯಾದ ಫ್ಲೋಟ್ ಚೇಂಬರ್‌ನಲ್ಲಿ ಮಟ್ಟ ಕಾಯುವುದು ಅದೇ; ತೇಲುವ ಫ್ಲೋಟ್ ಮೇಲೆ ಬಂದಾಗ ಸೂಜಿಯನ್ನು ಒತ್ತಿ ಮುಚ್ಚುತ್ತದೆ. ಮುಚ್ಚಳ ತಲೆಕೆಳಗೆ ಹಿಡಿದು, ಸೂಜಿ ತನ್ನ ಭಾರಕ್ಕೇ ಕೂತಿರುವಾಗ ಪೆಟ್ರೋಲ್ ಬರುವ ಬಾಯಿಗೆ ಪೈಪ್ ಹಾಕಿ ಮೆಲ್ಲಗೆ ಊದಿ ನೋಡಿದೆ, ಗಾಳಿ ದಾಟಲಿಲ್ಲ. ಆದರೆ ಜೊತೆಗೆ ಕೊಟ್ಟ ವಾಷರ್ ಹಳೆಯದಕ್ಕಿಂತ ತೆಳ್ಳಗಿತ್ತು. ಸೋಲೆಕ್ಸ್‌ನಲ್ಲಿ ಈ ವಾಷರ್ ದಪ್ಪವೇ ಪೆಟ್ರೋಲ್ ಮಟ್ಟ ತೀರ್ಮಾನಿಸುತ್ತದೆ. ತೆಳ್ಳಗಿನದು ಹಾಕಿದರೆ ವಾಲ್ವ್ ಮೇಲೆ ಹೋಗುತ್ತದೆ, ಫ್ಲೋಟ್ ಇನ್ನೂ ಮೇಲೆ ಬಂದ ಮೇಲೆ ಮುಚ್ಚುತ್ತದೆ, ಮಟ್ಟ ಏರುತ್ತದೆ. ಆಮೇಲೆ ಬಿಸಿ ಎಂಜಿನ್ ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ವಾಸನೆ, ಮೈಲೇಜ್ ಇಲ್ಲ ಅಂತ ಗೋಳಾಡಬೇಕಾಗುತ್ತದೆ. ನಾನು ಹಳೇ ವಾಷರ್ ದಪ್ಪ ಅಳೆದು ಅಷ್ಟೇ ದಪ್ಪದ್ದನ್ನು ಬೇರೆ ತಂದು ಹಾಕಿದೆ.

ಗ್ಯಾಸ್ಕೆಟ್‌ಗಳು ಸುಮಾರು. ಮೇಲಿನದರಲ್ಲಿ ಒಂದು ದಾರಿಗೆ ತೂತೇ ಇರಲಿಲ್ಲ. ಹಳೆಯದನ್ನು ಮೇಲಿಟ್ಟು ಹೋಲಿಸದೆ ಹಾಕಿದ್ದರೆ ಕಾರ್ಬೊರೇಟರ್‌ನ ಒಂದು ಉಸಿರು ಅಲ್ಲೇ ಮುಚ್ಚಿಹೋಗುತ್ತಿತ್ತು. ಅರ್ಧ ಅಂಕ ಕಡಿತ.

ಜೆಟ್ ವಿಷಯಕ್ಕೆ ಬರೋಣ, ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಸೋಲೆಕ್ಸ್ ಜೆಟ್ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಅದು ತೂತಿನ ಅಳತೆ, ಮಿಲಿಮೀಟರ್‌ನ ನೂರನೇ ಭಾಗದ ಲೆಕ್ಕದಲ್ಲಿ. 120 ಅಂದರೆ 1.20 ಮಿ.ಮೀ. ಅಷ್ಟು ನಾಜೂಕಿನ ಸಾಮಾನನ್ನು ನಂಬರೇ ಇಲ್ಲದೆ, ತೂತಿನ ಅಂಚಿನಲ್ಲಿ ಹಿತ್ತಾಳೆ ಚೂರು ಹಾಗೇ ಬಿಟ್ಟು ಪೊಟ್ಟಣಕ್ಕೆ ಹಾಕಿದ್ದಾರೆ. ಹಳೇ ಒರಿಜಿನಲ್ ಜೆಟ್ ಸಾಮಾನ್ಯವಾಗಿ ಸವೆಯುವುದಿಲ್ಲ, ಕಟ್ಟಿಕೊಳ್ಳುತ್ತದೆ ಅಷ್ಟೇ. ತೊಳೆದು ಮತ್ತೆ ಹಾಕಿ. ತೊಳೆಯುವುದು ಅಂದರೆ ತಂತಿ ತೂರಿಸುವುದಲ್ಲ. ವೈರ್‌ನಿಂದ ಒಂದು ಎಳೆ ಕಿತ್ತು ಜೆಟ್ ಒಳಗೆ ಆಡಿಸುವ ಅಭ್ಯಾಸ ನಮ್ಮ ಕಡೆ ಬಹಳ, ಗುಂಡುಸೂಜಿ ಹಾಕುವವರೂ ಇದ್ದಾರೆ. ಹಿತ್ತಾಳೆ ಮೆದು, ಅಂಚು ಗೀರಿದರೆ ಜೆಟ್‌ನ ಅಳತೆಯೇ ಹೋಯಿತು. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟು, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಗಾಳಿ ಹಿಡಿದರೆ ಸಾಕು. ತೀರಾ ಹಟ ಮಾಡಿದರೆ ಟೂತ್‌ಬ್ರಷ್‌ನ ಒಂದು ನೈಲಾನ್ ಎಳೆ. ಸೋಲೆಕ್ಸ್‌ನ ಒಂದು ಪುಣ್ಯ ಏನೆಂದರೆ ಮೇನ್ ಜೆಟ್ ತೆಗೆಯಲು ಕಾರ್ಬೊರೇಟರ್ ಬಿಚ್ಚಬೇಕಾಗಿಲ್ಲ, ಫ್ಲೋಟ್ ಚೇಂಬರ್ ಬುಡದಲ್ಲಿ ಹೊರಗಿನಿಂದಲೇ ಬೋಲ್ಟ್ ಬಿಚ್ಚಿದರೆ ಜೊತೆಗೆ ಜೆಟ್ಟೂ ಈಚೆ ಬರುತ್ತದೆ. ಸ್ಪ್ರೇ ಹೊಡೆಯುವ ಮೊದಲು ರಬ್ಬರ್ ಸಾಮಾನು ಎಲ್ಲ ತೆಗೆದಿಡಿ, ಅದು ರಬ್ಬರ್ ಅನ್ನು ಊದಿಸಿಬಿಡುತ್ತದೆ. ಕೈಗೂ ಗ್ಲೌಸ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಎಲ್ಲ ಕೂರಿಸಿ ಮತ್ತೆ ಟಾರ್ಚ್ ಹಾಕಿ ಥ್ರಾಟಲ್ ಎಳೆದಾಗ ಧಾರೆ ಸೂಜಿಯ ಹಾಗೆ ನೇರ ಬಿತ್ತು. ಐಡಲ್‌ನ ಮಿಕ್ಸ್ಚರ್ ಹೊಂದಿಸುವ ಸ್ಕ್ರೂ ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿದೆ, ಎಂಜಿನ್ ಬಿಸಿಯಾದ ಮೇಲೆ ಕಿವಿಯಿಂದ ಸೆಟ್ ಮಾಡಿದೆ. ಆಮೇಲೆ ಎಮಿಷನ್ ಟೆಸ್ಟ್ ಸೆಂಟರ್‌ಗೆ ಹೋಗಿ ಮೀಟರ್ ನೋಡುತ್ತಾ ಇನ್ನಷ್ಟು ತಿದ್ದಿದೆ. ಪದ್ಮಿನಿ ಕಾಲದ ಹಳೇ ಪೆಟ್ರೋಲ್ ಕಾರುಗಳಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3. ಸೆಂಟರಿನವರಿಗೆ ಚಹಾ ದುಡ್ಡು ಕೊಟ್ಟರೆ ಪೈಪ್ ಹಾಕಿಟ್ಟು ಸ್ಕ್ರೂ ತಿರುಗಿಸಲು ಬಿಡುತ್ತಾರೆ. ಕಿವಿಗಿಂತ ಮೀಟರ್ ನಿಖರ. ಸಿಗ್ನಲ್‌ನಲ್ಲಿ ಭುಸ್ ಅನ್ನುವುದು ಪೂರ್ತಿ ನಿಂತಿದೆ. ಎರಡನೇ ಗೇರ್‌ನಲ್ಲಿ ಹಂಪ್ ದಾಟಿ ಒತ್ತಿದರೂ ಎಳೆಯುತ್ತದೆ.

ಈಗ ಈ ಕಿಟ್‌ನಿಂದ ಆಗದ ಕೆಲಸಗಳು. ಥ್ರಾಟಲ್ ತಟ್ಟೆ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್, ಸವೆದಿದ್ದರೆ ಯಾವ ಕಿಟ್ಟೂ ಕೈಹಿಡಿಯುವುದಿಲ್ಲ. ಸ್ಪಿಂಡಲ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕಟಕಟ ಅಂದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ಅದಕ್ಕೆ ಲೇತ್‌ನಲ್ಲಿ ಬುಷ್ ಹಾಕಿಸಬೇಕು. ಕಾರ್ಬೊರೇಟರ್ ಬುಡದ ಫ್ಲಾಂಜ್ ಸೊಟ್ಟಗಾಗಿದ್ದರೂ ಅಷ್ಟೇ, ನಟ್ ಅತಿಯಾಗಿ ಬಿಗಿಸಿ ಬಿಗಿಸಿ ಎರಡು ಕಿವಿ ಬಾಗಿರುತ್ತವೆ. ಗಾಜಿನ ಮೇಲೆ ಎಮೆರಿ ಕಾಗದ ಇಟ್ಟು ತಿಕ್ಕಿ ಸಪಾಟು ಮಾಡಬೇಕು. ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಗಾಡಿ ಕಟ್ ಆಗಿ, ಒದ್ದೆ ಬಟ್ಟೆ ಎ.ಸಿ. ಪಂಪ್ ಮೇಲೆ ಹಾಕಿದ ಮೇಲೆ ಸ್ಟಾರ್ಟ್ ಆದರೆ ಅದು ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು. ಫಿಯಟ್ ಇಟ್ಟವರ ಡಿಕ್ಕಿಯಲ್ಲಿ ಒಂದು ಬಟ್ಟೆ, ಒಂದು ಬಾಟಲಿ ನೀರು ಇದ್ದೇ ಇರುತ್ತಿತ್ತು ಅಲ್ವಾ.

ಪೆಟ್ರೋಲ್ ಬದಲಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನ ಸಮ್ಮೇಳನದಲ್ಲೇ. ಬರೀ ಪೆಟ್ರೋಲ್ ಆದರೆ ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕು, ತೂಕದ ಲೆಕ್ಕದಲ್ಲಿ. ಇ20ಗೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ, ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಬೇಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮ ಸೋಲೆಕ್ಸ್‌ಗೆ ಅದು ಹೇಗೆ ಗೊತ್ತಾಗಬೇಕು? ಹಳೇ ಜೆಟ್, ಹೊಸ ಪೆಟ್ರೋಲ್, ಮಿಕ್ಸ್ಚರ್ ತೆಳ್ಳಗೆ. ಮೊದಲೇ ಸೋತ ಎಕ್ಸಲರೇಟರ್ ಪಂಪ್ ಇದ್ದರೆ ಮುಗ್ಗರಿಕೆ ಇನ್ನೂ ಎದ್ದು ಕಾಣುತ್ತದೆ. ಎಥನಾಲ್ ಹಳೇ ಕಾಲದ ರಬ್ಬರ್‌ಗೂ ಆಗಿಬರುವುದಿಲ್ಲ, ನೀರನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿ ಗಾಡಿ ನಿಲ್ಲಿಸಬೇಡಿ. ಪೈಪ್‌ಗಳನ್ನೂ ಒಮ್ಮೆ ಬಗ್ಗಿಸಿ ನೋಡಿ, ಬಿರುಕು ಕಂಡರೆ ಅದೇ ದಿನ ಬದಲಿಸಿ. ಪೆಟ್ರೋಲ್ ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಆಗುವ ಅನಾಹುತದ ಮುಂದೆ ಈ ಮುಗ್ಗರಿಕೆ ಏನೂ ಅಲ್ಲ.

ಒಟ್ಟು ಕಿಟ್‌ಗೆ ಐದಕ್ಕೆ ಮೂರೂವರೆ, ಅಂಗಡಿಗೆ ಐದಕ್ಕೆ ಐದು. ಹೋಗುವವರು ಕಿಟ್ ಜೊತೆ ಬಿಡಿ ಡಯಾಫ್ರಮ್ ಇನ್ನೊಂದು ಸಿಗುತ್ತದಾ ಅಂತ ಕೇಳಿ, ನನಗೆ ಸಿಕ್ಕಿತು. ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ.